ಬೂಷ್ಟು ಎಂದು ಹೆರೆದದ್ದು

ಮೊದಲ ಸಲ ಬ್ರೀ ಚೀಸ್ ಮನೆಗೆ ತಂದಾಗ, ಮೈತುಂಬ ಬೆಳ್ಳಗೆ ಕೂತಿದ್ದನ್ನು ನೋಡಿ ಅತ್ತೆ ಮೂಗು ಮುರಿದರು. “ದುಡ್ಡು ಕೊಟ್ಟು ಬೂಷ್ಟು ಹಿಡಿದಿದ್ದು ತಂದಿದೀಯಲ್ಲೇ!” ನಾನು ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಪಕ್ಕದ ಮನೆಯವರು ಕರೆದಿದ್ದರು. ಮನೆಗೊಂದು ಅಡುಗೆ ಒಯ್ಯಬೇಕು. ಆಫೀಸಿನ ಪಾರ್ಟಿಯಲ್ಲಿ ಒಮ್ಮೆ ತಿಂದ ಧೈರ್ಯದ ಮೇಲೆ, ಪಫ್ ಹಾಳೆಯಲ್ಲಿ ಸುತ್ತಿ ಬೇಯಿಸಿದ ಬ್ರೀ ತರುತ್ತೇನೆ ಎಂದು ಬಾಯಿ ಬಿಟ್ಟಿದ್ದೆ. ಅತ್ತೆ ಹೇಳಿದ್ದು ಸರಿಯೆನಿಸಿತು. ಚಾಕು ಹಿಡಿದು ಸುತ್ತಲೂ ನೀಟಾಗಿ ಹೆರೆದು ಬಿಸಾಕಿದೆ.

ಅವನ್‌ಗಿಟ್ಟು ಇಪ್ಪತ್ತು ನಿಮಿಷಕ್ಕೇ ಹಾಲು ಸೀದ ವಾಸನೆ. ಬಾಗಿಲು ತೆಗೆದರೆ ಚೀಸೆಲ್ಲ ಟ್ರೇಗೆ ಹರಿದು ಅಂಚಿನಲ್ಲಿ ಕರಕಲಾಗಿತ್ತು. ನಡುವೆ ಖಾಲಿ ಪಫ್ಪು ಯಾರೋ ಬಿಟ್ಟುಹೋದ ಟೋಪಿಯ ಹಾಗೆ ಕುಸಿದಿತ್ತು. ಅವತ್ತು ನಮ್ಮ ಮನೆಯ ಪಾಲಿಗೆ ಚಿತ್ರಾನ್ನವಾಯಿತು.

ಆಮೇಲೆ ತಿಳಿಯಿತು, ಅದು ಬೂಷ್ಟೇ ಹೌದು, ಆದರೆ ಬೇಕೆಂದೇ ಬೆಳೆಸಿದ್ದು. ಪೆನಿಸಿಲಿಯಂ ಜಾತಿಯದು, ತಿನ್ನಬಹುದು. ಒಳಗಿನದು ಕರಗಿ ಗಂಜಿಯಾದಾಗ ಅದನ್ನು ಹಿಡಿದಿಡುವ ಚೀಲವೂ ಅದೇ. ಪ್ಯಾರಿಸ್ಸಿನ ಪೂರ್ವಕ್ಕಿರುವ ಮೋ ಊರಿನ ಅಸಲಿ ಬ್ರೀ ಹಸಿ ಹಾಲಿನದು. ಹಸಿ ಹಾಲಿನ ಚೀಸು ಕನಿಷ್ಠ 60 ದಿನ ಮಾಗಿರಬೇಕೆಂಬುದು ಅಮೆರಿಕದ ಕಾಯಿದೆ. ಬ್ರೀ ಅಷ್ಟು ದಿನ ಕಾಯುವ ಪೈಕಿಯಲ್ಲ. ಹಾಗಾಗಿ ಇಲ್ಲಿನ ಅಂಗಡಿಯಲ್ಲಿ ಸಿಗುವುದು ಪಾಶ್ಚರೀಕರಿಸಿದ ಹಾಲಿನದು. ನಮಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು. ಹಾಲು ಒಡೆಸಲು ಹಾಕುವ ರೆನೆಟ್ ಎಳೆಗರುವಿನ ಹೊಟ್ಟೆಯದಿರಬಹುದು. ಅತ್ತೆ ಉಣ್ಣುವ ಮನೆ ನಮ್ಮದು. ಲೇಬಲ್ಲಿನಲ್ಲಿ ‘ಮೈಕ್ರೋಬಿಯಲ್’ ಎಂದಿದ್ದರೆ ಮಾತ್ರ ಬುಟ್ಟಿಗೆ ಹಾಕುತ್ತೇನೆ.

ಎರಡನೆಯ ಸಲ ಚೀಸನ್ನು ಮುಟ್ಟಲಿಲ್ಲ, ಹಾಳೆಯನ್ನು ಕೆಡಿಸಿದೆ. ಬೇಗ ಮೆತ್ತಗಾಗಲಿ ಅಂತ ಫ್ರೀಜರಿನಿಂದ ತೆಗೆದು ಉರಿಯುವ ಒಲೆಯ ಪಕ್ಕದಲ್ಲೇ ಇಟ್ಟಿದ್ದೆ. ಅಯ್ಯಂಗಾರ್ ಬೇಕರಿಯ ಪಫ್ಸ್ ತಿಂದು ಬೆಳೆದವಳಿಗೆ ಅದರ ಒಳಗುಟ್ಟು ಗೊತ್ತಿರಲಿಲ್ಲ. ಹಿಟ್ಟಿನ ಮಡಿಕೆಗಳ ನಡುವೆ ಬೆಣ್ಣೆ ಗಟ್ಟಿಯಾಗಿ ಕೂತಿರಬೇಕು. ಅವನ್‌ನ ಕಾವಿಗೆ ಹಿಟ್ಟಿನ ನೀರು ಹಬೆಯಾಗಿ ಒಂದೊಂದು ಪದರವನ್ನೂ ಎತ್ತುತ್ತದೆ. ಬೆಣ್ಣೆ ಮೊದಲೇ ಕರಗಿ ಹಿಟ್ಟಿನೊಳಗೆ ಇಂಗಿದರೆ ಎಸಳು ಬಿಡುವುದಿಲ್ಲ. ನನ್ನದು ದಪ್ಪ ಚಪಾತಿಯಾಯಿತು. “ಚಿರೋಟಿ ಪದರಕ್ಕೆ ಹಚ್ಚೋ ಸಾಟಿ ನೀರಾದ್ರೂ ಹೀಗೇ ಆಗೋದು” ಎಂದರು ಅತ್ತೆ. ಇದನ್ನು ಮೊದಲೇ ಹೇಳಬಹುದಿತ್ತು!

ಈಗ ಹಾಳೆಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸುತ್ತೇನೆ. 227 ಗ್ರಾಮಿನ ಒಂದು ಬಿಲ್ಲೆಗೆ ಒಂದು ಹಾಳೆ ಸಾಕು. ಚೀಸು ತಣ್ಣಗಿರುವಾಗಲೇ ಸುತ್ತಬೇಕು, ಹೊರಗಿನದು ಕೆಂಪಾಗುವವರೆಗೆ ಒಳಗಿನದು ತಡೆಯಲಿ ಅಂತ. ಮೂಲೆಗಳನ್ನೆಲ್ಲ ಒಂದರ ಮೇಲೊಂದು ಮಡಚಿದರೆ ಅಲ್ಲಿ ಹಸಿಹಿಟ್ಟು ಉಳಿಯುತ್ತದೆ, ಕತ್ತರಿಸಿ ತೆಗೆಯುವುದೇ ವಾಸಿ. ಮೇಲೆ ಮೊಟ್ಟೆಯ ಬದಲು ಹಾಲಿನ ಕೆನೆ ಸವರುತ್ತೇನೆ. ಬಣ್ಣ ಸ್ವಲ್ಪ ಮಂಕು, ಅಷ್ಟೇ. ಸುಮಾರು 200 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆ. ಚೀಸಿನ ಮೇಲೆ ಹಚ್ಚುವ ಜಾಮಿನ ಜಾಗಕ್ಕೆ ಕ್ರ್ಯಾನ್‌ಬೆರಿ ತೊಕ್ಕು: ಸಾಸಿವೆ, ಒಣಮೆಣಸಿನಕಾಯಿ, ಬೆಲ್ಲ ಹಾಕಿ ತಳ ಬಿಡುವವರೆಗೆ ಬಾಡಿಸಿದ್ದು. ನೀರು ಉಳಿದಿದ್ದರೆ ಪಫ್ ಒದ್ದೆಯಾಗುತ್ತದೆ.

ಕಷ್ಟದ ಕೆಲಸ ಕೊನೆಯದು. ಹೊರಗೆ ತೆಗೆದ ಮೇಲೆ ಹತ್ತು ಹದಿನೈದು ನಿಮಿಷ ಕೈ ಕಟ್ಟಿ ಕೂರಬೇಕು. ಬಿಸಿಯಲ್ಲೇ ಕೊಯ್ದರೆ ಹಲಗೆಯ ಮೇಲೆಲ್ಲ ಪ್ರವಾಹ. ಕಾದು ಕೊಯ್ದರೆ ಜೇನಿನ ಹಾಗೆ ನಿಧಾನವಾಗಿ ಇಳಿಯುತ್ತದೆ. ಸುತ್ತ ನಿಂತವರು ಬಿಸ್ಕತ್ತು, ಸೇಬಿನ ಹೋಳು ಹಿಡಿದು ಅದ್ದಿಕೊಳ್ಳುತ್ತಾರೆ. ತಟ್ಟೆ ಬಡಿಸುವ ಗೋಜಿಲ್ಲ. ಅತ್ತೆಗೆ ಮಾತ್ರ ಚಮಚ ಬೇಕು. ಒಳಗಿನದನ್ನು ಬಳಿದು ತಿಂದು, ಆ ಬಿಳಿ ಸಿಪ್ಪೆಯನ್ನು ಇವತ್ತಿಗೂ ಕರಿಬೇವಿನ ಹಾಗೆ ತಟ್ಟೆಯ ಅಂಚಿಗೆ ಸರಿಸುತ್ತಾರೆ.