ಹಳೇ ಕಂಪ್ಯೂಟರಿಗೆ ಎಷ್ಟು ದುಡ್ಡು ಹಾಕಬಹುದು?

2025ರ ಮಳೆಗಾಲದ ಹೊತ್ತಿಗೆ ನನ್ನ ಗೇಮಿಂಗ್ ಕಂಪ್ಯೂಟರಿಗೆ ಆರು ವರ್ಷ ತುಂಬಿತ್ತು. ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1650 ಕಾರ್ಡ್, 1 ಟಿಬಿ ಹಾರ್ಡ್‌ಡಿಸ್ಕ್. ಆ ಕಾಲಕ್ಕೆ ಸಂಬಳದ ಮನೆಯವರು ಜೋಡಿಸಿಕೊಳ್ಳುತ್ತಿದ್ದ ಸೆಟ್ಟು ಹೆಚ್ಚುಕಡಿಮೆ ಇದೇ. ಹೊಸ ಆಟ ಹಾಕಿದರೆ ಈಗ ಚಿತ್ರ ತಡವರಿಸುತ್ತಿತ್ತು, ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ದೃಶ್ಯ ಲೋಡ್ ಆಗುವಷ್ಟರಲ್ಲಿ ಕಾಫಿ ಮಾಡಿಕೊಂಡು ಬರಬಹುದಿತ್ತು. ಇದನ್ನು ಸರಿಪಡಿಸಲು ನಾನು ಎತ್ತಿಟ್ಟಿದ್ದು 25,000 ರೂಪಾಯಿ. ಅದನ್ನು ಮೀರಿದರೆ ಮಗಳ ಶಾಲೆಯ ಎರಡನೇ ಕಂತಿಗೆ ಕೈಹಾಕಬೇಕಾಗುತ್ತಿತ್ತು, ಹಾಗಾಗಿ ಮೀರುವ ಪ್ರಶ್ನೆಯೇ ಇರಲಿಲ್ಲ.

ಬೆಲೆ ವಿಚಾರಿಸುವ ಮೊದಲು, ಸೋಲುತ್ತಿರುವುದು ಯಾವ ಭಾಗ ಎಂದು ತಿಳಿಯಬೇಕು. ಅದಕ್ಕೆ ಕಾಸು ಖರ್ಚಿಲ್ಲ. ನಿಮಗೆ ತೊಂದರೆ ಕೊಡುವ ಆಟವನ್ನೇ ತೆರೆದು ರೆಸಲ್ಯೂಷನ್ 1080ಪಿಯಿಂದ 720ಪಿಗೆ ಇಳಿಸಿ ನೋಡಿ. ಫ್ರೇಮುಗಳ ಸಂಖ್ಯೆ ಜಿಗಿದರೆ ಗ್ರಾಫಿಕ್ಸ್ ಕಾರ್ಡಿಗೆ ಭಾರ ಹೊರಲಾಗುತ್ತಿಲ್ಲ ಎಂದರ್ಥ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ. ಟಾಸ್ಕ್ ಮ್ಯಾನೇಜರಿನಲ್ಲಿ ರ್‍ಯಾಮ್ ತುಂಬಿ, ಡಿಸ್ಕ್ ಶೇ. 100ಕ್ಕೆ ಅಂಟಿಕೊಂಡಿದ್ದರೆ ಕಾರ್ಡನ್ನೂ ಪ್ರೊಸೆಸರನ್ನೂ ಬೈಯುವುದರಲ್ಲಿ ಅರ್ಥವಿಲ್ಲ. ನನ್ನಲ್ಲಿ ಕಾರ್ಡ್ ಸೋತಿತ್ತು, ರ್‍ಯಾಮ್ ಸಾಲದಾಗಿತ್ತು, ಹಾರ್ಡ್‌ಡಿಸ್ಕ್ ಏದುಸಿರು ಬಿಡುತ್ತಿತ್ತು. ಎಲ್ಲರೂ ಮೊದಲು ಬದಲಿಸು ಎನ್ನುವ ಪ್ರೊಸೆಸರಿನಲ್ಲಿ ಇನ್ನೂ ಶಕ್ತಿ ಉಳಿದಿತ್ತು.

ಅದಕ್ಕೆ ಕಾರಣ ನನ್ನ ಮಾನಿಟರ್. ಅದು 60 ಹರ್ಟ್ಸಿನದು. ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸುವುದು ಅದರಿಂದ ಆಗದು. 140 ಫ್ರೇಮ್ ಬರುತ್ತದೆ ಎಂದು ಅಂಗಡಿಯವನು ಆಸೆ ಹುಟ್ಟಿಸಿದರೆ, ಉಳಿದ 80ಕ್ಕೆ ಕೊಟ್ಟ ದುಡ್ಡನ್ನು ನೋಡುವವರು ಯಾರು? ನಾನು ಹೆಚ್ಚು ಆಡುವ ಎಲ್ಡನ್ ರಿಂಗ್ ಅಂತೂ ತಾನಾಗಿಯೇ 60ಕ್ಕೆ ನಿಲ್ಲುವ ಆಟ. ಅಷ್ಟನ್ನು ಒದಗಿಸಲು ರೈಜೆನ್ 2600 ಸಾಕು. ಪ್ರೊಸೆಸರ್ ಪಟ್ಟಿಯಿಂದ ಹೊರಬಿತ್ತು.

ಹಣದ ಲೆಕ್ಕ ಹಾಕುವಾಗ ನಾನು ಭಾಗಗಳನ್ನು ಎರಡು ಜಾತಿ ಮಾಡುತ್ತೇನೆ. ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್, ಮಾನಿಟರ್ ಇವೆಲ್ಲ ನಾಳೆ ಹೊಸ ಬೋರ್ಡ್ ಕೊಂಡರೂ ನಮ್ಮ ಜೊತೆಗೆ ಬರುವಂಥವು. ನನ್ನ ರೈಜೆನ್ 2600 ಥರದ ಎಎಂ4 ಸಾಕೆಟ್ಟಿನ ಪ್ರೊಸೆಸರ್, ಡಿಡಿಆರ್4 ರ್‍ಯಾಮ್ ಹಾಗಲ್ಲ; ಹೊಸ ಎಎಂ5 ಬೋರ್ಡಿಗೆ ಅವು ಹೊಂದುವುದಿಲ್ಲ, ಹಳೇ ಬೋರ್ಡಿನ ಜೊತೆಗೇ ಅವುಗಳ ಆಯುಷ್ಯ. ಜೊತೆಗೆ ಬರುವುದಕ್ಕೆ ಕೈ ಬಿಚ್ಚಿ ಖರ್ಚು ಮಾಡಬೇಕು, ಬೋರ್ಡಿಗೆ ಅಂಟಿದ್ದನ್ನು ಆದಷ್ಟೂ ಸೆಕೆಂಡ್ ಹ್ಯಾಂಡಿನಲ್ಲಿ ಮುಗಿಸಬೇಕು.

ಈ ಲೆಕ್ಕ ಹಿಡಿದು ತುಮಕೂರಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಮೊದಲ ಅಂಗಡಿಯಲ್ಲೇ ಉಪದೇಶ ಸಿಕ್ಕಿತು. "ಹಳೇದಕ್ಕೆ ಯಾಕ್ ಸಾರ್ ದುಡ್ಡು ಹಾಕ್ತೀರಾ? ಎಕ್ಸ್‌ಚೇಂಜ್ ಮಾಡಿ, ಹೊಸ ಸೆಟ್ ತಗೊಳ್ಳಿ. 72 ಸಾವಿರ, ನೋ ಕಾಸ್ಟ್ ಇಎಂಐ, ತಿಂಗಳಿಗೆ ಆರೇ ಸಾವಿರ."

"ನಗದು ಕೊಟ್ರೆ ಎಷ್ಟಕ್ಕೆ ಕೊಡ್ತೀರಿ?"

"ನಿಮಗೋಸ್ಕರ 68 ಮಾಡ್ಕೊಡ್ತೀನಿ ಸಾರ್."

ಬಡ್ಡಿಯಿಲ್ಲದ ಸಾಲ ಎನ್ನುವುದರ ಬೆಲೆ ಅಲ್ಲೇ ನಾಲ್ಕು ಸಾವಿರ ಎಂದು ಗೊತ್ತಾಯಿತು. ಶೂನ್ಯ ಬಡ್ಡಿ ಎಂದು ಹೇಳಿಕೊಂಡು ಬಡ್ಡಿಯನ್ನು ಬೇರೆ ಹೆಸರಿನಲ್ಲಿ ವಸೂಲು ಮಾಡುವುದಕ್ಕೆ ರಿಸರ್ವ್ ಬ್ಯಾಂಕ್ 2013ರಲ್ಲೇ ತಕರಾರು ಎತ್ತಿತ್ತು. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಈಗ ಸಾಮಾನ್ಯವಾಗಿ ನಡೆಯುವುದು ಹೀಗೆ: ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಮುಂಗಡ ರಿಯಾಯಿತಿ ಎಂದು ಬೆಲೆಯಲ್ಲಿ ಕಳೆಯುತ್ತಾರೆ. ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿಯನ್ನು ಮಾತ್ರ ಯಾರೂ ಕಳೆಯುವುದಿಲ್ಲ. 72,000ದ ಒಂದು ವರ್ಷದ ಕಂತಿಗೆ, ಶೇ. 15ರ ಬಡ್ಡಿ ದರ ಹಿಡಿದರೆ, ಅದು ಸುಮಾರು ಸಾವಿರ ರೂಪಾಯಿ. ಪ್ರೊಸೆಸಿಂಗ್ ಶುಲ್ಕ ಬೇರೆ. ಆಟದ ಸಾಮಾನಿಗೆ ಸಾಲ ಮಾಡಬಾರದು ಎನ್ನುವುದು ನನ್ನ ಹಟ. ಲೆಕ್ಕವೂ ಹಟದ ಪರವಾಗಿಯೇ ಇತ್ತು.

ಮುಂದಿನ ಅಂಗಡಿಯಲ್ಲಿ ಎಸ್‌ಎಂಪಿಎಸ್ ಕೊಂಡೆ. ನಮ್ಮ ಕಡೆ ಕ್ಯಾಬಿನೆಟ್ಟಿನ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ 500 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಬರೆಯುವುದಕ್ಕೇನು! ಜಿಟಿಎಕ್ಸ್ 1650 ಸುಮಾರು 75 ವ್ಯಾಟಿನಲ್ಲಿ, ಬೋರ್ಡಿನ ಸ್ಲಾಟಿನಿಂದಲೇ ಬದುಕುವ ಕಾರ್ಡ್, ಹಾಗಾಗಿ ಇಷ್ಟು ವರ್ಷ ನಡೆಯಿತು. ನಾನು ಮನಸ್ಸು ಮಾಡಿದ್ದ ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್ ಬೇಕು, ಪ್ರತ್ಯೇಕ 8 ಪಿನ್ನಿನ ಕೇಬಲ್ ಬೇಕು. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಝ್ ಗುರುತಿನ 550 ವ್ಯಾಟಿನದಕ್ಕೆ 3,900 ರೂಪಾಯಿ ಕೊಟ್ಟೆ. ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಇದರಲ್ಲಿ ಉಳಿತಾಯ ಮಾಡಬಾರದು. "ಬಿಲ್ ಬೇಕಾ ಸಾರ್?" ಎಂದು ಕೇಳಿದರೆ ಬೇಕು ಎನ್ನಿ. ಬಿಲ್ಲಿಲ್ಲದೆ ಉಳಿಯುವುದು ತೆರಿಗೆಯ ದುಡ್ಡು, ಹೋಗುವುದು ವರ್ಷಗಟ್ಟಲೆಯ ವಾರಂಟಿ.

1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಆಗ 4,800ಕ್ಕೆ ಸಿಕ್ಕಿತು. ಸೈಬರ್‌ಪಂಕ್ 2077 ತಯಾರಕರು 2023ರಲ್ಲೇ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಹಾರ್ಡ್‌ಡಿಸ್ಕ್ ಕೈಬಿಟ್ಟು ಎಸ್‌ಎಸ್‌ಡಿ ಎಂದು ಬರೆದುಬಿಟ್ಟಿದ್ದಾರೆ. ಹಳೇದರ ಜೊತೆಗೆ ಹೊಂದುವ 8 ಜಿಬಿ ಡಿಡಿಆರ್4 ರ್‍ಯಾಮ್ ಸೆಕೆಂಡ್ ಹ್ಯಾಂಡಿನಲ್ಲಿ 1,100. ಒಂದರ ಬದಲು ಎರಡು ಕೂತರೆ ಡ್ಯುಯಲ್ ಚಾನೆಲ್‌ನ ಲಾಭವೂ ಸೇರುತ್ತದೆ.

ಹೆಚ್ಚು ತಲೆ ಕೆಡಿಸಿದ್ದು ಹಳೇ ಗ್ರಾಫಿಕ್ಸ್ ಕಾರ್ಡಿನ ಬೇಟೆ. ಸೆಪ್ಟೆಂಬರ್ 2022ರಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಹಣ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟ ಮೇಲೆ ಮೈನಿಂಗಿನಲ್ಲಿ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು, ಇನ್ನೂ ಕೈಯಿಂದ ಕೈಗೆ ತಿರುಗುತ್ತಿವೆ. ಮೈನಿಂಗ್ ಮಾಡಿದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಫ್ಯಾನು ಸವೆದಿರುತ್ತದೆ, ಪೇಸ್ಟ್ ಒಣಗಿರುತ್ತದೆ, ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು ಅಷ್ಟೆ. ಹೆದರಬೇಕಾದ್ದು ನಕಲಿಗೆ. ಓಬೀರಾಯನ ಕಾಲದ ಕಾರ್ಡಿಗೆ ಬಯೋಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಮಾರುವವರಿದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥದ್ದನ್ನು ಎಷ್ಟೋ ಸಲ ಹಿಡಿದುಕೊಡುತ್ತದೆ. ಮಾರುವವರ ಮನೆಯಲ್ಲೇ, ಅವರ ಕಂಪ್ಯೂಟರಿನಲ್ಲೇ ಅರ್ಧ ಗಂಟೆ ಆಟ ಓಡಿಸಿ, ಬಿಸಿ ನೋಡಿ, ಫ್ಯಾನಿನ ಸದ್ದು ಕೇಳಿ. ಬಿಲ್ಲಿನ ಸೀರಿಯಲ್ ನಂಬರ್ ಕಾರ್ಡಿನ ಮೇಲಿರುವುದಕ್ಕೆ ತಾಳೆಯಾಗಬೇಕು. ಕೆಲವು ಕಂಪನಿಗಳು ಆ ನಂಬರ್ ನೋಡಿಯೇ ವಾರಂಟಿ ಕೊಡುತ್ತವೆ, ಎರಡನೇ ಮಾಲೀಕರಿಗೂ ಅದು ಸಿಗಬಹುದು. "ಅಡ್ವಾನ್ಸ್ ಯುಪಿಐ ಮಾಡಿ, ಕೊರಿಯರ್ ಮಾಡ್ತೀನಿ" ಎಂದವರ ನಂಬರನ್ನು ನಾನು ಅಳಿಸಿಹಾಕಿದೆ. ಕೊನೆಗೆ ಕಾಲೇಜು ಮುಗಿಸಿ ಬೇರೆ ಊರಿಗೆ ಹೊರಟಿದ್ದ ಹುಡುಗನೊಬ್ಬನ 8 ಜಿಬಿಯ ಆರ್‌ಎಕ್ಸ್ 6600 ಕಾರ್ಡ್ 13,000ಕ್ಕೆ ಸಿಕ್ಕಿತು. ಡಬ್ಬ, ಬಿಲ್ಲು ಎರಡೂ ಇತ್ತು.

ಒಟ್ಟು ಖರ್ಚು 22,800. ಹಳೇ 1650 ಕಾರ್ಡ್ 5,500ಕ್ಕೆ ಹೋಯಿತು, ಕೈಯಿಂದ ಹೋದದ್ದು 17,300. ಖರ್ಚಾದ ಹಣದಲ್ಲಿ ಹಳೇ ಬೋರ್ಡಿಗೆ ಅಂಟಿಕೊಂಡದ್ದು ರ್‍ಯಾಮಿನ 1,100 ಮಾತ್ರ. ಎತ್ತಿಟ್ಟ 25,000ದಲ್ಲಿ ಉಳಿದ 7,700 ಪ್ರೊಸೆಸರ್ ನಿಜವಾಗಿ ಸೋಲುವ ದಿನಕ್ಕಿರಲಿ ಎಂದು ಬೇರೆಯೇ ಇಟ್ಟಿದ್ದೇನೆ. 2018ರ ಬಿ450 ಬೋರ್ಡಿನಲ್ಲಿ, ಬಯೋಸ್ ಅಪ್‌ಡೇಟ್ ಮಾಡಿದರೆ, 2022ರಲ್ಲಿ ಬಂದ ರೈಜೆನ್ 5 5600 ಕೂರುತ್ತದೆ. ಹಾಗೆ ಕೂರಲು ಬಿಟ್ಟ ಸಾಕೆಟ್ಟುಗಳು ಕಡಿಮೆ.

ತಿಂಗಳ ಖರ್ಚನ್ನೂ ಮರೆಯಬಾರದು. ಮಾನಿಟರ್ ಸೇರಿ 250 ವ್ಯಾಟ್ ಹಿಡಿದರೆ, ದಿನಕ್ಕೆ ಮೂರು ಗಂಟೆಯ ಆಟಕ್ಕೆ ತಿಂಗಳಿಗೆ 22 ಯೂನಿಟ್ ಮೀರುತ್ತದೆ. ಗೃಹಜ್ಯೋತಿಯಲ್ಲಿ 200ರ ಅಂಚಿನಲ್ಲಿರುವ ಮನೆಯವರು ಎಚ್ಚರದಿಂದಿರಿ. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮ ತಲೆಯ ಮೇಲೆ. ಫ್ರೇಮುಗಳನ್ನು 60ಕ್ಕೆ ಕಟ್ಟಿಹಾಕಿದರೆ ಕಾರ್ಡ್ ತಣ್ಣಗಿರುತ್ತದೆ, ಮೀಟರೂ ನಿಧಾನವಾಗಿ ಓಡುತ್ತದೆ.

ನಾನು ಕೊಂಡ ಕೆಲವೇ ತಿಂಗಳಲ್ಲಿ ರ್‍ಯಾಮಿನ ಬೆಲೆ ಎಲ್ಲ ಕಡೆ ಏರಿತು. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಹೋಗುತ್ತಿರುವ ರಭಸಕ್ಕೆ ಮೈಕ್ರಾನ್ ಕಂಪನಿ ಡಿಸೆಂಬರ್ 2025ರಲ್ಲಿ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನನ್ನ 1,100 ರೂಪಾಯಿಯ ಲೆಕ್ಕ ಇಂದು ನಡೆಯುವುದಿಲ್ಲ. ಡಿಡಿಆರ್5 ಬೇಡುವ ಹೊಸ ಸೆಟ್ಟಿನ ಲೆಕ್ಕವಂತೂ ಇನ್ನೂ ದುಬಾರಿ.

ಹಾಗಾಗಿ ನನ್ನ ಸಲಹೆ ಇಷ್ಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಏಳನೇ ತಲೆಮಾರು ಅಥವಾ ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಬಹುತೇಕ ಯಾವುದಕ್ಕೂ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಅಂಥದ್ದಿದ್ದರೆ ಅದರ ಪ್ರೊಸೆಸರಿಗೂ ರ್‍ಯಾಮಿಗೂ ಬಿಡಿಗಾಸೂ ಹಾಕಬೇಡಿ, ಜೊತೆಗೆ ಬರುವ ಭಾಗಗಳನ್ನು ಮಾತ್ರ ಕೊಳ್ಳಿ. ರೈಜೆನ್ 2000 ಅಥವಾ ನಂತರದ ಪ್ರೊಸೆಸರ್ ಇರುವ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಎಎಂ4 ಸೆಟ್ಟು ನಿಮ್ಮದಾಗಿದ್ದರೆ ಈ ವರ್ಷ ಅದನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ.