ಬಣ್ಣಕ್ಕೆ ಮುಂಚಿನ ಕೆಲಸ

ಹಳೆಯ ಕಾರಿಗೆ ಹೊಸ ಬಣ್ಣ ಕೊಟ್ಟರೆ ಕಾರೇ ಹೊಸದಾಗುವುದೆಂಬ ಭಾವನೆ ಬಹಳ ಮಂದಿಯಲ್ಲಿ ಉಂಟು. ಆದರೆ ಈ ಬಣ್ಣದ ಪೊರೆ ಎಷ್ಟು ದಪ್ಪವಿರುವುದೆಂದು ಕೇಳಿದರೆ ಅವರೇ ಬೆರಗಾದಾರು. ಕಾರಿನ ಮೈಮೇಲಿರುವ ಪದರಗಳನ್ನೆಲ್ಲ ಒಟ್ಟುಗೂಡಿಸಿದರೂ ಅವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುವುವು. ಇಷ್ಟು ತೆಳುವಾದ ಪೊರೆ ತಗ್ಗನ್ನು ತುಂಬಲಾರದು. ಆಗಲೇ ಹಿಡಿದಿರುವ ತುಕ್ಕನ್ನು ನಿಲ್ಲಿಸಲಾರದು. ಕೊಳೆತ ತಗಡಿಗೆ ಬಲವನ್ನಂತೂ ಕೊಡಲಾರದು. ಕೆಳಗೆ ಏನಿದೆಯೋ ಅದನ್ನು ಅಂಟಿಕೊಂಡು, ಅದರ ಗುಣದೋಷಗಳನ್ನು ಹೊಳಪಿನೊಡನೆ ಹೊರಗೆ ತೋರಿಸುವುದಷ್ಟೇ ಅದರ ಕೆಲಸ. ಆದ ಕಾರಣ ಬಣ್ಣದ ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ನಡೆಯಬೇಕಾದ ದೀರ್ಘ ಸಿದ್ಧತೆಯನ್ನೇ ನಾವಿಲ್ಲಿ ವಿಚಾರಿಸೋಣ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ತರಗತಿಯಲ್ಲಿ ಕಲಿತ ಎಷ್ಟೋ ಸಂಗತಿಗಳು ಇಲ್ಲಿ ಕೈಗೆ ಎಟುಕುವ ರೂಪದಲ್ಲಿ ಎದುರಾಗುವುವು.

ಉದಾಹರಣೆಗೆ ಒಂದು ನಿಜವಾದ ಕಾರನ್ನೇ ತೆಗೆದುಕೊಳ್ಳುವುದು ಮೇಲು. ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ದಕ್ಷಿಣದಲ್ಲಿರುವ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರ ವರೆಗೆ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಿದ್ದುವು. ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡವರ ಮನೆಗಳಲ್ಲಿ ಅವು ಸಾವಿರಗಟ್ಟಲೆ ಉಳಿದಿವೆ. ಇದಕ್ಕೆ ಹಿಂದಿನ ಎಂಜಿ ಸ್ಪೋರ್ಟ್ಸ್ ಕಾರುಗಳಲ್ಲಿ ಗಟ್ಟಿಯಾದ ಉಕ್ಕಿನ ಚೌಕಟ್ಟೊಂದು ಕೆಳಗಿದ್ದು, ಮೈಯನ್ನು ಅದರ ಮೇಲೆ ಕೂರಿಸುತ್ತಿದ್ದರು. ಎಂಜಿಬಿಯಲ್ಲಿ ಬೇರೆ ಚೌಕಟ್ಟಿಲ್ಲ; ತೆಳುವಾದ ತಗಡುಗಳನ್ನು ಪೆಟ್ಟಿಗೆಯಂತೆ ಬೆಸೆದ ಮೈಯೇ ಭಾರವನ್ನೆಲ್ಲ ಹೊರುವುದು.

ಇದರ ಫಲವೇನು? ಮಾಡಿರುವ ಕಾರಿನಲ್ಲಾದರೆ ಮಾಡೂ ಬಲಕ್ಕೆ ಒದಗುವುದು. ತೆರೆದ ಕಾರಿಗೆ ಆ ಆಸರೆಯಿಲ್ಲ. ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಓಡುವ ಎರಡು ಟೊಳ್ಳು ತೊಲೆಗಳೇ ಕಾರನ್ನು ನಡುವಿನಲ್ಲಿ ಬಾಗದಂತೆ ಹಿಡಿದಿರಬೇಕು. ಇವುಗಳನ್ನು ನಾವು ಹೊಸ್ತಿಲು ಎಂದೇ ಕರೆಯೋಣ. ಎಂಜಿಬಿಯ ಹೊಸ್ತಿಲಿನಲ್ಲಿ ಹೊರತಗಡು, ನಡುತಗಡು, ಒಳತಗಡು ಎಂದು ಮೂರು ಪದರಗಳುಂಟು. ದುರದೃಷ್ಟವೆಂದರೆ ಚಕ್ರಗಳು ಎರಚುವ ಕೆಸರೂ, ಚಳಿಗಾಲದಲ್ಲಿ ಹಿಮ ಕರಗಲೆಂದು ಆ ದೇಶದ ರಸ್ತೆಗಳಿಗೆ ಚೆಲ್ಲುವ ಉಪ್ಪೂ ಬಂದು ಸೇರುವುದು ಈ ಹೊಸ್ತಿಲಿನ ಸಂದುಗಳಿಗೇ. ಹೊರತಗಡು ಹೊಳೆಯುತ್ತಿದ್ದು ನಡುತಗಡು ಪುಡಿಯಾಗಿರುವ ಕಾರುಗಳು ಅಪರೂಪವಲ್ಲ. ಅಂಥ ಕಾರಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಮಾರಿದವನು ಕೊಳ್ಳುವವನ ಹಣವನ್ನು ಮಾತ್ರವಲ್ಲ, ಪ್ರಾಣವನ್ನೂ ಪಣಕ್ಕೊಡ್ಡಿದಂತಾಯಿತು. ಅಪಘಾತವಾದಾಗ ಆ ಪೆಟ್ಟಿಗೆ ಪೆಟ್ಟಿಗೆಯಾಗಿ ಉಳಿಯದು.

ತುಕ್ಕು ಸಂದುಗೊಂದುಗಳಲ್ಲೇ ಏಕೆ ಹೆಚ್ಚಾಗಿ ಹಿಡಿಯುವುದು? ಗಾಳಿಗೂ ಮಳೆಗೂ ಹೆಚ್ಚು ಒಡ್ಡಿಕೊಂಡಿರುವುದು ಹೊರಮೈ ತಾನೆ? ಈ ಪ್ರಶ್ನೆಗೆ ಕೇಂಬ್ರಿಜ್ಜಿನ ಯೂಲಿಕ್ ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಒಂದು ಹನಿ ಉಪ್ಪುನೀರಿನಿಂದ ಉತ್ತರ ಕೊಟ್ಟರು. ಆ ಪ್ರಯೋಗವನ್ನು ವಿದ್ಯಾರ್ಥಿಗಳು ತಮ್ಮ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಮಾಡಿ ನೋಡಬಹುದು. ನೂರು ಪಾಲು ನೀರಿಗೆ ಮೂರು ಪಾಲು ಅಡಿಗೆ ಉಪ್ಪು ಕರಗಿಸಿ, ಅದಕ್ಕೆ ಸ್ವಲ್ಪ ಪೊಟ್ಯಾಸಿಯಂ ಫೆರಿಸೈನೈಡನ್ನೂ ಕೆಲವು ತೊಟ್ಟು ಫಿನಾಲ್ಫ್ತಲೀನನ್ನೂ ಬೆರಸಬೇಕು. (ಈ ದ್ರಾವಣಕ್ಕೆ ಆಮ್ಲ ಸೋಕದಂತೆ ಎಚ್ಚರವಿರಲಿ.) ಚೆನ್ನಾಗಿ ಉಜ್ಜಿ ಬೆಳಗಿದ ಉಕ್ಕಿನ ತಗಡಿನ ಮೇಲೆ ಇದರ ಒಂದು ದೊಡ್ಡ ಹನಿಯನ್ನಿಟ್ಟು ಕಾದರೆ, ಮೊದಲು ಅಲ್ಲಲ್ಲಿ ನೀಲಿ ಮತ್ತು ನಸುಗೆಂಪು ಚುಕ್ಕೆಗಳು ಮೂಡುವುವು. ಕೆಲವು ಹೊತ್ತಿನ ಮೇಲೆ ಅವು ತಾವಾಗಿಯೇ ವಿಂಗಡವಾಗಿ, ಹನಿಯ ನಡುವೆ ನೀಲಿಯೂ ಅಂಚಿನಲ್ಲಿ ನಸುಗೆಂಪೂ ನೆಲಸುವುವು. ಎರಡರ ನಡುವೆ ಕಂದುಬಣ್ಣದ ತುಕ್ಕಿನ ಬಳೆ ಕಾಣಿಸಿಕೊಳ್ಳುವುದು.

ನೀಲಿ ಬಣ್ಣವೆಂದರೆ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ಕರಗುತ್ತಿದೆಯೆಂದು ಅರ್ಥ. ನಸುಗೆಂಪೆಂದರೆ ಆ ಎಲೆಕ್ಟ್ರಾನುಗಳನ್ನು ನೀರೂ ಆಮ್ಲಜನಕವೂ ಸೇರಿ ಸ್ವೀಕರಿಸಿ ಕ್ಷಾರವನ್ನುಂಟುಮಾಡುತ್ತಿವೆಯೆಂದು ಅರ್ಥ. ಹನಿಯ ಅಂಚು ತೆಳುವಾಗಿರುವುದರಿಂದ ಅಲ್ಲಿಗೆ ಗಾಳಿಯ ಆಮ್ಲಜನಕ ಬೇಗ ತಲಪುವುದು; ನಡುವೆ ಅದರ ಬರ. ಹೀಗೆ ಒಂದೇ ಹನಿಯಲ್ಲಿ ಒಂದು ಪುಟ್ಟ ವಿದ್ಯುತ್ಕೋಶ ಏರ್ಪಟ್ಟು, ಆಮ್ಲಜನಕ ಕಡಿಮೆಯಾದೆಡೆಯಲ್ಲಿ ಲೋಹ ಸವೆಯುವುದು. ಕೆಸರಿನ ಕೆಳಗೆ, ಎರಡು ತಗಡುಗಳ ಸಂದಿನಲ್ಲಿ, ಒದ್ದೆಯಾದ ಪುಟ್ಟಿಯ ಹಿಂದೆ ಆಗುವುದೂ ಇದೇ. ತುಕ್ಕನ್ನು ಮುಚ್ಚಿಟ್ಟರೆ ಅದು ಉಸಿರುಕಟ್ಟಿ ಸಾಯುವುದಿಲ್ಲ. ಮರೆಯಲ್ಲಿ ಇನ್ನಷ್ಟು ಹುಲುಸಾಗಿ ಬೆಳೆಯುವುದು.

ಈಗ ಕಾರಿನ ಬಳಿಗೆ ಬರೋಣ. ಮೊದಲನೆಯದು ಪರೀಕ್ಷೆ. ತೆಳುವಾದ ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವೊಂದನ್ನು ಮೈಮೇಲೆ ಆಡಿಸುತ್ತ ಹೋದರೆ, ಅದು ಸಡಿಲಗೊಂಡ ಕಡೆ ಬಣ್ಣದ ಕೆಳಗೆ ಪುಟ್ಟಿ ದಪ್ಪವಾಗಿದೆಯೆಂದು ಊಹಿಸಬಹುದು. ಮೊದಮೊದಲ ವರ್ಷಗಳ ಎಂಜಿಬಿಯ ಬಾನೆಟ್ಟಿಗೆ ಅದು ಅಂಟುವುದೇ ಇಲ್ಲ. ಮೋಸವೆಂದು ಗಾಬರಿಯಾಗಬೇಕಿಲ್ಲ, ಆ ಬಾನೆಟ್ಟು ಅಲ್ಯೂಮಿನಿಯಮ್ಮಿನದು.

ಎರಡನೆಯದು ಹಳೆಯ ಬಣ್ಣವನ್ನು ತೆಗೆಯುವುದು. ಮರಳಿನಂಥ ಕಣಗಳನ್ನು ಗಾಳಿಯ ಒತ್ತಡದಿಂದ ಎರಚಿ ಕೀಳುವ ಕ್ರಮ ಬೇಗನೆ ಮುಗಿಯುವುದು ನಿಜ. ಆದರೆ ಒಂದೊಂದು ಕಣವೂ ಸಣ್ಣ ಸುತ್ತಿಗೆಯ ಪೆಟ್ಟೇ. ತಗಡಿನ ಒಂದು ಮುಖವನ್ನು ಮಾತ್ರ ಹೀಗೆ ಬಡಿದರೆ ಆ ಮುಖ ಹಿಗ್ಗಿ, ಅಗಲವಾದ ಬಾಗಿಲು, ಬಾನೆಟ್ಟುಗಳು ಉಬ್ಬಿಕೊಳ್ಳುವುವು. ಹಾಗೆ ಕೆಟ್ಟ ತಗಡನ್ನು ಸರಿಪಡಿಸುವುದು ಬಹಳ ಕಷ್ಟ. ಇನ್ನು ನಿಜವಾದ ಮರಳಿನ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುವುದು. ಕಾಸ್ಟಿಕ್ ಸೋಡದ ತೊಟ್ಟಿಯಲ್ಲಿ ಅದ್ದುವುದು ಉಕ್ಕಿಗೆ ಸರಿ. ಅಲ್ಯೂಮಿನಿಯಮ್ ಬಾನೆಟ್ಟನ್ನು ಅದರಲ್ಲಿ ಮುಳುಗಿಸಿದರೆ ಜಲಜನಕದ ಗುಳ್ಳೆಗಳೆದ್ದು ಬಾನೆಟ್ಟೇ ಕರಗತೊಡಗುವುದು. ಅಗಲವಾದ ಭಾಗಗಳನ್ನು ಉಪ್ಪು ಕಾಗದದಿಂದಲೂ ಸೌಮ್ಯವಾದ ದ್ರಾವಕಗಳಿಂದಲೂ ತಾಳ್ಮೆಯಾಗಿ ಬಿಡಿಸುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಹಳೆಯ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸದ ಕ್ರೋಮೇಟು ಇರುವ ಸಂಭವವುಂಟಾದ್ದರಿಂದ ನೀರು ಹಾಕಿ ಉಜ್ಜಿ, ದೂಳೇಳದಂತೆ ನೋಡಿಕೊಳ್ಳಬೇಕು.

ಬಣ್ಣ ಹೋದಮೇಲೆ ಸತ್ಯ ಹೊರಬೀಳುವುದು. ಹೊಸ್ತಿಲು ಕೊಳೆತಿದ್ದರೆ ಅದನ್ನು ಕತ್ತರಿಸಿ ಹೊಸದನ್ನು ಬೆಸೆಯದೆ ಗತ್ಯಂತರವಿಲ್ಲ. ಇಲ್ಲಿ ಅವಸರ ಮಾಡಿದವರು ಕೆಟ್ಟರು. ಕಾರಿನ ನಡುವನ್ನು ಹಿಡಿದಿರುವ ತೊಲೆಯನ್ನೇ ಕಡಿದಾಗ ಮೈ ತನ್ನ ಭಾರಕ್ಕೆ ತಾನೇ ಜಗ್ಗುವುದು. ಆ ಸ್ಥಿತಿಯಲ್ಲಿ ಹೊಸ ಹೊಸ್ತಿಲನ್ನು ಬೆಸೆದರೆ ಜಗ್ಗಿದ ಆಕಾರವೇ ಶಾಶ್ವತವಾಗಿ, ಬಾಗಿಲು ಮುಚ್ಚದಂತಾಗುವುದು. ಅದಕ್ಕಾಗಿ ಮೊದಲು ಬಾಗಿಲಿನ ತೆರಪಿಗೆ ಅಡ್ಡಲಾಗಿ ಉಕ್ಕಿನ ಸರಳುಗಳನ್ನು ಬಿಗಿದು, ಕಾರನ್ನು ಸಮಮಟ್ಟದಲ್ಲಿ ಊರುಗೋಲುಗಳ ಮೇಲೆ ನಿಲ್ಲಿಸಿ, ಒಂದು ಪಕ್ಕ ಮುಗಿದ ಬಳಿಕವೇ ಇನ್ನೊಂದು ಪಕ್ಕಕ್ಕೆ ಕೈಹಾಕುವರು. ಬಾಗಿಲನ್ನು ಮತ್ತೆ ಮತ್ತೆ ಕೂರಿಸಿ ಸುತ್ತಲಿನ ಸಂದು ಒಂದೇ ಅಳತೆಯಲ್ಲಿದೆಯೇ ಎಂದು ನೋಡುವರು.

ತಗ್ಗುದಿಣ್ಣೆಗಳನ್ನು ಸುತ್ತಿಗೆಯಿಂದ ಸರಿಪಡಿಸುವ ಕೆಲಸಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎನ್ನುವರು. ಅದಾದ ಮೇಲೂ ಉಳಿಯುವ ಬೆಸುಗೆಯ ಗುರುತನ್ನು ತುಂಬಲು ಹಿಂದಿನವರು ಸೀಸವನ್ನು ಬಳಸುತ್ತಿದ್ದರು. ಸೀಸ 327 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ತವರ 232 ಡಿಗ್ರಿಯಲ್ಲಿಯೂ ಕರಗುವುವು. ಆದರೆ 70 ಪಾಲು ಸೀಸಕ್ಕೆ 30 ಪಾಲು ತವರ ಬೆರಸಿದ ಮಿಶ್ರಲೋಹ 183 ಡಿಗ್ರಿಯಲ್ಲಿಯೇ ಮೆತ್ತಗಾಗತೊಡಗಿ, ಪೂರ್ತಿ ನೀರಾಗಲು ಸುಮಾರು 255 ಡಿಗ್ರಿ ಬೇಕಾಗುವುದು. ಈ ನಡುವಿನ ಅಂತರದಲ್ಲಿ ಅದು ಬೆಣ್ಣೆಯಂತಿರುವುದರಿಂದ ಮರದ ಹಲಗೆಯಿಂದ ತೀಡಿ ಬೇಕಾದ ಆಕಾರಕ್ಕೆ ತರಬಹುದು. ಶುದ್ಧ ಲೋಹಕ್ಕೆ ಈ ಗುಣವಿಲ್ಲ. ಸೀಸ ಬರಿಯ ಉಕ್ಕನ್ನು ಹಿಡಿಯದಾದ್ದರಿಂದ ಮೊದಲು ತಗಡಿಗೆ ತವರದ ಕಲಾಯಿಯಾಗಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ನವಸಾಗರವನ್ನು ಎರಚಿ ಒರಸುವುದನ್ನು ನೋಡಿದವರಿಗೆ ಈ ಕ್ರಮ ಹೊಸದೆನಿಸದು. ಸೀಸವನ್ನು ಅರದಿಂದ ಅರೆಯಬೇಕೇ ಹೊರತು ಉಪ್ಪು ಕಾಗದದಿಂದ ಉಜ್ಜಬಾರದು. ಅದರ ನಯವಾದ ದೂಳು ವಿಷ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಪಾಲಿಯೆಸ್ಟರ್ ಪುಟ್ಟಿ. ತೆಳುವಾಗಿ, ಶುದ್ಧವಾದ ಗಟ್ಟಿ ಲೋಹದ ಮೇಲೆ ಹಚ್ಚಿದರೆ ಅದರಲ್ಲಿ ದೋಷವಿಲ್ಲ. ಆದರೆ ಅದು ನೀರನ್ನು ಹೀರಿಕೊಳ್ಳುವ ವಸ್ತು. ಆದ್ದರಿಂದ ಅದನ್ನು ಒಣಗಿಯೇ ಉಜ್ಜಬೇಕು; ತೂತಿನ ಮೇಲೆ ಮೆತ್ತಲೇಕೂಡದು.

ಮುಂದಿನದು ಲೋಹವನ್ನು ತೊಳೆಯುವುದು. ಇದನ್ನು ಕಡೆಗಣಿಸಿದಷ್ಟು ಬೇರಾವುದನ್ನೂ ಜನ ಕಡೆಗಣಿಸಿಲ್ಲವೆಂದು ತೋರುವುದು. ಬೆರಳಿನ ಬೆವರಿನಲ್ಲಿರುವ ಉಪ್ಪು ಒಂದು ಕಣ ಬಣ್ಣದ ಕೆಳಗೆ ಉಳಿದರೂ ಸಾಕು. ಬಣ್ಣದ ಪೊರೆ ನೀರಿನ ಆವಿಯನ್ನು ಒಳಗೆ ಬಿಡುವುದು, ಉಪ್ಪನ್ನು ಹೊರಗೆ ಬಿಡದು. ಅಭಿಸರಣೆಯ ಪಾಠದಲ್ಲಿ ಓದಿದಂತೆ ನೀರು ಒಳಗೆ ಸೆಳೆಯಲ್ಪಟ್ಟು ಅಲ್ಲೊಂದು ಗುಳ್ಳೆ ಏಳುವುದು. ಜಿಡ್ಡು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು: ತಗಡಿನ ಮೇಲೆ ಶುದ್ಧವಾದ ನೀರು ಸುರಿಯಬೇಕು. ನೀರು ಎಲ್ಲಿಯೂ ಹರಿಯದೆ ಒಂದೇ ಪೊರೆಯಾಗಿ ನಿಂತರೆ ಮೈ ಶುದ್ಧ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾದರೆ ಜಿಡ್ಡು ಉಳಿದಿದೆ. ಹಿಂದೆ ಹಚ್ಚಿದ ಪಾಲಿಷಿನ ಸಿಲಿಕೋನ್ ಲೇಶಮಾತ್ರ ಉಳಿದರೂ, ಅಲ್ಲಿ ಮೇಲ್ಮೈ ಸೆಳೆತ ಕಡಿಮೆಯಾಗಿ ಹಸಿ ಬಣ್ಣ ಸುತ್ತಲೂ ಸರಿದು ಮೀನಿನ ಕಣ್ಣಿನಂಥ ಕುಳಿಗಳಾಗುವುವು.

ಸಣ್ಣ ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಮದ್ದು. ಅದು ತುಕ್ಕನ್ನು ಕರಗಿಸಿ, ಲೋಹದ ಮೇಲೆ ಕಬ್ಬಿಣದ ಫಾಸ್ಫೇಟಿನ ಒರಟಾದ ಪೊರೆಯನ್ನು ಬಿಡುವುದು. ಕಬ್ಬಿಣಕ್ಕೆ ಫಾಸ್ಫೇಟಿನ ರಕ್ಷೆ ಕೊಡುವ ಕ್ರಮಕ್ಕೆ ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ 1906ರಲ್ಲಿಯೇ ಪೇಟೆಂಟು ಪಡೆದಿದ್ದರು. ಆಮ್ಲವನ್ನು ಚೆನ್ನಾಗಿ ತೊಳೆದು ಒಣಗಿಸಿ, ತೇವದ ಗಾಳಿ ತನ್ನ ಕೆಲಸವನ್ನು ಆರಂಭಿಸುವ ಮುನ್ನ, ಅಂದಿನ ದಿನವೇ ಎಪಾಕ್ಸಿ ಪ್ರೈಮರನ್ನು ಹಚ್ಚಬೇಕು.

ಇನ್ನುಳಿದುದು ಮಟ್ಟಮಾಡುವ ಕೆಲಸ. ಕಣ್ಣಿಗೆ ಕಾಣದ ತಗ್ಗು ಬಣ್ಣ ಬಿದ್ದಮೇಲೆ ಎದ್ದು ಕಾಣುವುದೇಕೆ? ಮಾಸಲಾದ ಪ್ರೈಮರು ಬೆಳಕನ್ನು ಎಲ್ಲ ಕಡೆಗೂ ಚದರಿಸುವುದು. ಹೊಳಪಿನ ಬಣ್ಣವಾದರೋ ಕನ್ನಡಿ. ಕನ್ನಡಿ ಎಷ್ಟು ಓರೆಯಾದರೆ ಪ್ರತಿಫಲಿತ ಕಿರಣ ಅದರ ಎರಡರಷ್ಟು ತಿರುಗುವುದೆಂಬುದು ನಿಯಮ. ಬಾಗಿಲಿನ ಒಂದೆಡೆ ಮೀಟರಿಗೆ ಒಂದು ಮಿಲಿಮೀಟರಿನಷ್ಟು ಮಾತ್ರ ಓರೆಯಿದ್ದರೂ, ಹತ್ತು ಮೀಟರ್ ದೂರದ ಕಂಬದ ಬಿಂಬ ಅಲ್ಲಿ ಎರಡು ಸೆಂಟಿಮೀಟರು ಸರಿದಂತೆ ಕಂಡು ಕಂಬ ಸೊಟ್ಟಗಾಗುವುದು. ಇದಕ್ಕೆ ಕೆಲಸಗಾರರು ಕಂಡುಕೊಂಡ ಉಪಾಯ ಸೊಗಸಾದದ್ದು. ಪ್ರೈಮರಿನ ಮೇಲೆ ಕರಿಯ ಬಣ್ಣವನ್ನು ಮಂಜಿನಂತೆ ತೆಳ್ಳಗೆ ಎರಚಿ, ಉದ್ದವಾದ ಹಲಗೆಗೆ ಸುತ್ತಿದ ಉಪ್ಪು ಕಾಗದದಿಂದ ಓರೆಯಾಗಿ ಉಜ್ಜುವರು. ಉಬ್ಬುಗಳಲ್ಲಿ ಕಪ್ಪು ಹೋಗಿ, ತಗ್ಗುಗಳಲ್ಲಿ ಉಳಿಯುವುದು. ಬರಿಯ ಬೆರಳಿನಿಂದ ಉಜ್ಜಿದರೆ ಬೆರಳು ತಗ್ಗಿಗೂ ಇಳಿಯುವುದರಿಂದ ಈ ಪರೀಕ್ಷೆ ಸಾಗದು. ಕಾಗದದ ಅಂಕಿಯನ್ನೂ ಹಂತಹಂತವಾಗಿ ಏರಿಸಬೇಕು: ಪಿ80 ಕಾಗದದ ಕಣ ಸುಮಾರು 0.2 ಮಿಲಿಮೀಟರು, ಪಿ400ರದು 0.035 ಮಿಲಿಮೀಟರು. ಒರಟು ಕಾಗದದ ಗೀರನ್ನು ಅದಕ್ಕಿಂತ ತೆಳುವಾದ ಬಣ್ಣ ಮುಚ್ಚೀತೆಂದು ನಂಬುವುದು ವ್ಯರ್ಥ.

ಬಣ್ಣ ಎರಚುವ ವಿಷಯದಲ್ಲಿ ಒಂದೇ ಎಚ್ಚರಿಕೆ ಹೇಳುವೆವು. ಇಂದಿನ ಎರಡು ಭಾಗಗಳ ಪಾಲಿಯುರಿಥೇನ್ ಬಣ್ಣದಲ್ಲಿರುವ ಐಸೊಸೈನೇಟಿನ ತುಂತುರು ಉಸಿರಿನೊಡನೆ ಸೇರಿದರೆ ಆಸ್ತಮಾ ಬರಬಹುದು. ಒಮ್ಮೆ ಬಂದವರಿಗೆ ಆಮೇಲೆ ಅತ್ಯಲ್ಪ ಪ್ರಮಾಣವೂ ಅಪಾಯಕರ. ಮೂಗಿಗೆ ಕಟ್ಟಿದ ಬಟ್ಟೆಯಿಂದಲೂ ಇದ್ದಲಿನ ಮುಖವಾಡದಿಂದಲೂ ರಕ್ಷಣೆ ಸಾಲದು. ಹೊರಗಿನಿಂದ ಕೊಳವೆಯ ಮೂಲಕ ಶುದ್ಧ ಗಾಳಿ ಒದಗಿಸುವ ಮುಖವಾಡ ಬೇಕು. ಅದಿಲ್ಲದವರು ಈ ಹಂತವನ್ನು ತಕ್ಕ ಸೌಕರ್ಯವುಳ್ಳವರಿಗೆ ವಹಿಸುವುದು ಲೇಸು.

ಬಣ್ಣ ಒಣಗಿ ಕಾರು ಥಳಥಳಿಸುವಾಗ ಹೊಸ್ತಿಲಿನ ಒಳಗನ್ನು ಮರೆಯುವ ಸಂಭವವುಂಟು. ಅಲ್ಲಿಗೆ ಕುಂಚವೂ ಹೋಗದು, ಕಣ್ಣೂ ಹೋಗದು. ಉದ್ದನೆಯ ಕೊಳವೆಯಿಂದ ದ್ರವರೂಪದ ಮೇಣವನ್ನು ಒಳಗೆ ಎರಚಿದರೆ ಅದು ಸಂದುಗಳಲ್ಲಿ ಹರಿದು ನೀರನ್ನು ದೂರವಿಡುವುದು. ಆ ಬಳಿಕ ಹೊಸ್ತಿಲಿನ ತಳದಲ್ಲಿ ನೀರು ಹೊರಹೋಗಲೆಂದು ಕಾರ್ಖಾನೆಯವರು ಬಿಟ್ಟಿರುವ ತೂತುಗಳು ಮೇಣದಿಂದಲೋ ಬಣ್ಣದಿಂದಲೋ ಮುಚ್ಚಿಹೋಗಿಲ್ಲವೆಂದು ಕಡ್ಡಿಯಾಡಿಸಿ ನೋಡಬೇಕು.