ಶಕ್ತಿಗುಂದಿದ ಕಾರುಗಳು ಸಂಗ್ರಹಯೋಗ್ಯವೇ?

ಜಯನಗರ, ಬನಶಂಕರಿಗಳ ಹಳೆಯ ಬೀದಿಗಳಲ್ಲಿ ನಡೆಯುವವರಿಗೆ ಮನೆಯಂಗಳದಲ್ಲಿ ಹೊದಿಕೆ ಹೊದ್ದು ನಿಂತ ಹಳೆಯ ಕಾರೊಂದು ಕಣ್ಣಿಗೆ ಬೀಳುವುದುಂಟು. "ಇದು ಎಷ್ಟು ವೇಗವಾಗಿ ಓಡೀತು?" ಎಂಬುದೇ ನೋಡಿದವರ ಮೊದಲ ಪ್ರಶ್ನೆ. ವೇಗಕ್ಕಾಗಿಯೇ ಹುಟ್ಟಿದ ಕಾರೂ ಕೆಲವು ಕಾಲದಲ್ಲಿ ಬಲಗುಂದಿತ್ತು. ಅಂಥದನ್ನು ಹಣ ತೆತ್ತು ಕಾದಿಡುವುದರಲ್ಲಿ ಅರ್ಥವುಂಟೇ? ಉತ್ತರ ಹೇಳುವ ಮುನ್ನ ಅಶ್ವಶಕ್ತಿಯೆಂಬ ಅಂಕೆಯನ್ನೇ ಸ್ವಲ್ಪ ಪರೀಕ್ಷಿಸೋಣ.

ಅಂಕೆ ಕುಗ್ಗಿದ ಬಗೆ

ಅಮೆರಿಕದ ಕಾರ್ವೆಟ್ ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳಿ. ಅದರ 5.7 ಲೀಟರಿನ ಸಾಮಾನ್ಯ ಎಂಜಿನಿಗೆ 1970ರಲ್ಲಿ 300 ಅಶ್ವಶಕ್ತಿಯೆಂದು ಹೇಳಲಾಗಿತ್ತು. 1975ರಲ್ಲಿ ಅದು 165ಕ್ಕೆ ಇಳಿದಿತ್ತು. ಐದೇ ವರ್ಷಗಳಲ್ಲಿ ಎಂಜಿನು ಅರ್ಧಕ್ಕರ್ಧ ಸೊರಗಿತೇ? ಹಾಗಲ್ಲ. ಇಲ್ಲಿ ಮೂರು ಕಾರಣಗಳು ಕೂಡಿಕೊಂಡಿವೆ.

ಮೊದಲನೆಯದು ಸಂಕುಚನ ಪ್ರಮಾಣ. ಪಿಸ್ಟನ್ನು ಪೆಟ್ರೋಲು-ಗಾಳಿಗಳ ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಮಿತಿಮೀರಿ ಒತ್ತಿದರೆ ಮಿಶ್ರಣವು ಅಕಾಲದಲ್ಲಿ ಸಿಡಿದು ಎಂಜಿನು ಕುಟ್ಟುತ್ತದೆ. ಇದನ್ನು ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಸೀಸವಿಲ್ಲದ ಪೆಟ್ರೋಲಿಗೆ ಒಗ್ಗಿಸಲು ಒತ್ತಡವನ್ನು ತಗ್ಗಿಸಬೇಕಾಯಿತು. 1971ರಲ್ಲಿ 300 ಎಂಬುದು 270 ಆಯಿತು.

ಎರಡನೆಯದು ಅಳತೆಯ ವಿಧಾನ. ಹಿಂದೆ ಫ್ಯಾನು, ಡೈನಮೋ, ಸೈಲೆನ್ಸರುಗಳನ್ನು ಕಳಚಿ ಎಂಜಿನಿನ ಬಲವನ್ನು ಅಳೆಯುತ್ತಿದ್ದರು. ಆಮೇಲೆ ಅವೆಲ್ಲವನ್ನೂ ಜೋಡಿಸಿಯೇ ಅಳೆಯತೊಡಗಿದರು. ನೊಗ ಹೊರದ ಎತ್ತಿನ ಓಟಕ್ಕೂ ಗಾಡಿ ಕಟ್ಟಿದ ಎತ್ತಿನ ಓಟಕ್ಕೂ ಇರುವ ಅಂತರವೇ ಇದು. 1971ರ ಅದೇ ಎಂಜಿನು ಹಳೆಯ ಲೆಕ್ಕದಲ್ಲಿ 270, ಹೊಸ ಲೆಕ್ಕದಲ್ಲಿ 210. ಈ 60 ಅಶ್ವಶಕ್ತಿ ಕಳೆದುಹೋದದ್ದು ಕಾಗದದ ಮೇಲೆ ಮಾತ್ರ!

ಮೂರನೆಯದು ಹೊಗೆಯ ನಿಯಂತ್ರಣ. 1975ರಲ್ಲಿ ಹೊಗೆಕೊಳವೆಯಲ್ಲಿ ಕ್ರಿಯಾವರ್ಧಕ ಪೆಟ್ಟಿಗೆ ಬಂದಿತು. ಸೀಸವು ಅದನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲು ಕಡ್ಡಾಯವಾಯಿತು. ನಗರದ ಗಾಳಿಯನ್ನು ಶುದ್ಧಗೊಳಿಸಲು ತೆತ್ತ ಬೆಲೆಯಲ್ಲಿ ಈ ಎಂಜಿನಿನ ಬಲವೂ ಒಂದು ಪಾಲು.

ತೂಕದ ಮಹಿಮೆ

ಇನ್ನು ನಮ್ಮ ಊರಿಗೆ ಬರೋಣ. 1982ರಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆಯು ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. ಎಂಜಿನು ಕೇವಲ 848 ಘನ ಸೆಂಟಿಮೀಟರಿನ ಅಲ್ಯೂಮಿನಿಯಮ್ಮಿನದು, ಮೈ ಫೈಬರ್‌ಗ್ಲಾಸಿನದು. ಕಾರ್ವೆಟ್ಟಿನ ಮೈಯೂ ಫೈಬರ್‌ಗ್ಲಾಸೇ ಎಂಬುದು ಸ್ವಾರಸ್ಯದ ಸಂಗತಿ. ಡಾಲ್ಫಿನ್ ಹುಟ್ಟಿನಿಂದ ಸ್ಪೋರ್ಟ್ಸ್ ಕಾರಲ್ಲ, ನಿಜ. ಆದರೂ ಕಾರುಗಳ ಆಯ್ಕೆಯೇ ವಿರಳವಾಗಿದ್ದ ಆ ಕಾಲದಲ್ಲಿ ರೇಸು, ರ್ಯಾಲಿಗಳ ಉತ್ಸಾಹಿಗಳು ಇದನ್ನು ಮೆಚ್ಚಿ ಓಡಿಸಿದರು. ಏಕೆ?

ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಕಿಟನ್ನಿನ ಬಲ 40 ಅಶ್ವಶಕ್ತಿ, ತೂಕ ಸುಮಾರು 500 ಕಿ.ಗ್ರಾಂ.; ಎಂದರೆ ಟನ್ನಿಗೆ 80 ಅಶ್ವಶಕ್ತಿ. ಹೆಚ್ಚುಕಡಮೆ ಅಷ್ಟೇ ಬಲದ ಪ್ರೀಮಿಯರ್ ಪದ್ಮಿನಿಯ ತೂಕ ಸುಮಾರು 900 ಕಿ.ಗ್ರಾಂ.; ಟನ್ನಿಗೆ ದೊರೆಯುವುದು 44. ಸುಮಾರು 1,600 ಕಿ.ಗ್ರಾಂ. ತೂಗುವ 1975ರ ಕಾರ್ವೆಟ್ಟಿಗೆ ಟನ್ನಿಗೆ 103. ಒಂದೇ ಬಲವು ಕಡಮೆ ದ್ರವ್ಯರಾಶಿಯ ಮೇಲೆ ವರ್ತಿಸಿದರೆ ವೇಗೋತ್ಕರ್ಷ ಹೆಚ್ಚುತ್ತದೆಂಬ ನ್ಯೂಟನ್ನನ ನಿಯಮ ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಅತಿ ವೇಗದಲ್ಲಿ ಗಾಳಿಯ ತಡೆಯೇ ಮುಖ್ಯವಾಗುವುದರಿಂದ ಅಲ್ಲಿ ಹಗುರ ಕಾರಿನ ಲಾಭ ಕುಗ್ಗುತ್ತದೆ. ತಿರುವುಗಳಲ್ಲಿಯೂ ವೇಗ ಕೂಡಿಸಿಕೊಳ್ಳುವಲ್ಲಿಯೂ ಉಳಿಯುತ್ತದೆ.

ಕಾದಿಡುವುದು ಏನನ್ನು?

ಇಂಥ ಕಾರನ್ನು ಕೊಂಡವನಿಗೆ ಹೊಸ ಎಂಜಿನು ಕೂಡಿಸಿ ಅದರ ದೌರ್ಬಲ್ಯವನ್ನು ನೀಗಿಸುವ ಆಸೆ ಸಹಜ. ಆದರೆ ಹಾಗೆ ಮಾಡಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಯಾವ ಪೆಟ್ರೋಲು, ಯಾವ ಕಾನೂನು, ಯಾವ ಕೊರತೆ ಆ ಯಂತ್ರವನ್ನು ರೂಪಿಸಿತೆಂಬುದನ್ನು ಮೂಲ ಎಂಜಿನೇ ಹೇಳಬಲ್ಲುದು.

ಕಾನೂನಿನ ಮಾತೂ ಇದೇ. 2021ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಚಾಸಿಸ್, ಮೈ, ಎಂಜಿನುಗಳಲ್ಲಿ ಗಣನೀಯ ಬದಲಾವಣೆಯಾಗದ ಖಾಸಗಿ ಕಾರು 'ವಿಂಟೇಜ್' ಎನಿಸುತ್ತದೆ. 1982ರ ಡಾಲ್ಫಿನ್ನಿಗೆ ಆ ಮನ್ನಣೆ ದೊರೆಯುವುದು 2032ರಲ್ಲಿ. ಅಲ್ಲಿಯವರೆಗೆ ಅದು ಸಾಧಾರಣ ಹಳೆಯ ಕಾರು. ಮೊದಲ 15 ವರ್ಷಗಳ ಬಳಿಕ 5 ವರ್ಷಗಳಿಗೊಮ್ಮೆ ನೋಂದಣಿಯನ್ನು ನವೀಕರಿಸುತ್ತಲೇ ಇರಬೇಕು. ಫೈಬರ್‌ಗ್ಲಾಸಿನ ಮೈ ತುಕ್ಕು ಹಿಡಿಯದಿದ್ದರೂ ಅಡಿಯ ಉಕ್ಕಿನ ಚಾಸಿಸ್ ಹಿಡಿಯದೆ ಬಿಡದು. ಬಿಡಿಭಾಗಗಳೂ ಸುಲಭವಾಗಿ ದೊರೆಯವು. ಅಪಾಯದ ಕಾಲವೆಂದರೆ ಈ ನಡುವಣ ವರ್ಷಗಳೇ. ಬಳಸಲು ಹಳತು, ಗೌರವಿಸಲು ಹೊಸತು ಎನಿಸಿದ ವಸ್ತುಗಳು ಗುಜರಿಗೆ ಸೇರುವುದು ಆಗಲೇ.

ಆದ್ದರಿಂದ ಲಾಭವನ್ನೋ ವೇಗವನ್ನೋ ಬಯಸುವವರಿಗೆ ಇಂಥ ಕಾರು ತಕ್ಕುದಲ್ಲ. ಯಂತ್ರದಲ್ಲಿ ಒಂದು ಕಾಲದ ಚರಿತ್ರೆಯನ್ನು ಓದಬಲ್ಲವರಿಗೆ ಮಾತ್ರ ಅದು ನಿಸ್ಸಂದೇಹವಾಗಿ ಸಂಗ್ರಹಯೋಗ್ಯ. ಮುಂದಿನ ಸಲ ಹೊದಿಕೆಯಡಿ ನಿಂತ ಕಾರನ್ನು ಕಂಡಾಗ "ಎಷ್ಟು ವೇಗ?" ಎಂದು ಕೇಳುವ ಬದಲು, "ಇಷ್ಟೇ ಏಕೆ?" ಎಂದು ಕೇಳಿ ನೋಡಿರಿ.